ಹಾವು ಕಚ್ಚಿದರೆ ನಾಜಾ 200, ಮುಳುಗಿದವರಿಗೆ ಉಪ್ಪು: ಬೆಟ್ಟ-ಹೊಳೆಗೆ ಹೊರಟವರ ಮೊಬೈಲಿಗೆ ಬರುವ ಸಂದೇಶಗಳಲ್ಲಿ ನಿಜವೆಷ್ಟು?

ಮಳೆ ಕಡಿಮೆಯಾಗಿ ಚಳಿ ಶುರುವಾಯಿತೆಂದರೆ ಮಂಡ್ಯ ಜಿಲ್ಲೆಯ ಬೆಟ್ಟಗಳಿಗೆ ಶನಿವಾರ-ಭಾನುವಾರ ಜನ ಹೊರಡುತ್ತಾರೆ. ಪಾಂಡವಪುರದ ಕುಂತಿಬೆಟ್ಟ, ಮೇಲುಕೋಟೆಯ ಬೆಟ್ಟಸಾಲು, ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟ, ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಜೈನ ಬೆಟ್ಟ, ಮಳವಳ್ಳಿ ತಾಲ್ಲೂಕಿನ ಗಗನಚುಕ್ಕಿ, ಭೀಮೇಶ್ವರಿ, ಮುತ್ತತ್ತಿ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ವಾಪಸಾಗಬಹುದಾದ ಜಾಗಗಳಾದ್ದರಿಂದ ಬ್ಯಾಗ್ ಹಾಕಿಕೊಂಡು ಹೊರಡುವವರ ಸಂಖ್ಯೆಯೂ ಹೆಚ್ಚು. ಇವರ ಜೊತೆಗೇ ವಾಟ್ಸಪ್ ಗುಂಪುಗಳಲ್ಲಿ ಇನ್ನೊಂದು ಮೆರವಣಿಗೆಯೂ ಹೊರಡುತ್ತದೆ: ‘ಟ್ರೆಕ್ಕಿಂಗ್ ಹೋಗುವವರು ತಪ್ಪದೇ ಓದಿ, ಒಂದು ಜೀವ ಉಳಿಸಿ’ ಎಂಬ ಸಂದೇಶಗಳ ಮೆರವಣಿಗೆ.

ಇವುಗಳಲ್ಲಿ ಕೆಲವು ಬರೀ ತಮಾಷೆ. ಓದಿ ಮರೆತರೆ ಏನೂ ಆಗುವುದಿಲ್ಲ. ಆದರೆ ಕೆಲವನ್ನು ನಂಬಿ ನಡೆದರೆ ಆಸ್ಪತ್ರೆ ತಲುಪಬೇಕಾದ ಅರ್ಧ ಗಂಟೆ ಕೈಬಿಟ್ಟು ಹೋಗುತ್ತದೆ. ನಾವು ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಆ ಎರಡನೇ ಬಗೆಯವಕ್ಕೆ.

‘ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದು, ಬೆಟ್ಟ ಯಾರಪ್ಪನದೂ ಅಲ್ಲ’

ಇದು ಮೊದಲ ಸುಳ್ಳು. ಮುತ್ತತ್ತಿ, ಭೀಮೇಶ್ವರಿ, ಬಸವನಬೆಟ್ಟದ ಸುತ್ತಿನ ಕಾಡು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಮೇಲುಕೋಟೆಯ ಬೆಟ್ಟದ ಕುರುಚಲು ಕಾಡೂ ಬರೀ ದೇವಸ್ಥಾನದ ಹಿತ್ತಿಲಲ್ಲ. ಅದೂ ವನ್ಯಜೀವಿಧಾಮವೇ. ತೋಳಗಳನ್ನು ಉಳಿಸಲೆಂದು 1974ರಲ್ಲಿ ಅದನ್ನು ಘೋಷಿಸಲಾಯಿತು. ‘ಚೆಲುವರಾಯಸ್ವಾಮಿ ದರ್ಶನಕ್ಕೆ ಹೋಗಿ ಹಾಗೇ ಬೆಟ್ಟದಲ್ಲಿ ರಾತ್ರಿ ಕಳೆದು ಬರೋಣ’ ಎನ್ನುವವರಿಗೆ ಇದು ಗೊತ್ತಿರುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅನುಮತಿ ಇಲ್ಲದೆ ಇಂಥ ಜಾಗದಲ್ಲಿ ಉಳಿಯುವುದು, ಬೆಂಕಿ ಹಾಕುವುದು ಅಪರಾಧ.

2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಒಂದೇ ವಾರಾಂತ್ಯಕ್ಕೆ ಜನಜಂಗುಳಿ ನೆರೆದ ದೃಶ್ಯ ಎಲ್ಲರ ಮೊಬೈಲಿಗೂ ಬಂದಿತ್ತು. ಆ ಬಳಿಕ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಲು ಹೊರಟಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಸಿಗುತ್ತದೆ. ‘ನಮ್ಮ ಬಳಿ ಅನುಮತಿ ಇದೆ, ನೀವು ದುಡ್ಡು ಕಳಿಸಿ’ ಎಂದು ರಾತ್ರಿ ಚಾರಣದ ಪೋಸ್ಟರ್ ಬಂದರೆ, ದುಡ್ಡು ಕಳಿಸುವ ಮೊದಲು ಅನುಮತಿ ಪತ್ರದ ಫೋಟೋ ಕೇಳಿ. ಕಾಡಿನಲ್ಲೇ ರಾತ್ರಿ ಕಳೆಯಬೇಕೆನ್ನುವ ಆಸೆಯಿದ್ದರೆ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಶಿಬಿರವಿದೆ.

ಹಾವು: ‘ನಾಜಾ 200 ಮೂರು ತೊಟ್ಟು ಹಾಕಿದರೆ ಸಾಕು’

ಹಾವಿನ ಬಗ್ಗೆ ಬರುವ ಸಂದೇಶಗಳಲ್ಲಿ ಅತಿ ಹಳೆಯದೂ ಅತಿ ಅಪಾಯದ್ದೂ ಇದು. ನಾಜಾ 200 ಎಂಬ ಹೋಮಿಯೋಪತಿ ಔಷಧಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಹತ್ತು ನಿಮಿಷಕ್ಕೊಮ್ಮೆ ನಾಲಿಗೆಗೆ ಬಿಟ್ಟರೆ ಎಂಥ ಹಾವಿನ ವಿಷವೂ ಇಳಿಯುತ್ತದೆ, ಆಸ್ಪತ್ರೆಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ ಎನ್ನುತ್ತದೆ ಸಂದೇಶ. ಹಲವು ವರ್ಷಗಳಿಂದ ಹಿಂದಿ, ಕನ್ನಡ, ತಮಿಳು, ಎಲ್ಲ ಭಾಷೆಯಲ್ಲೂ ಇದು ಸುತ್ತುತ್ತಿದೆ.

ಲೆಕ್ಕ ಹಾಕಿ ನೋಡೋಣ. ಈ ಔಷಧಿಯ ಹೆಸರಿನ 200 ಎಂದರೆ ಮೂಲ ವಸ್ತುವನ್ನು ನೂರು ಪಟ್ಟು ತೆಳುವಾಗಿಸುವುದನ್ನು 200 ಸಲ ಮಾಡಿದ್ದಾರೆ ಎಂದರ್ಥ. ಸುಮಾರು 12 ಸಲ ಹೀಗೆ ಮಾಡುವ ಹೊತ್ತಿಗೇ ಮೂಲ ವಸ್ತುವಿನ ಒಂದು ಅಣುವೂ ಉಳಿಯುವ ಸಾಧ್ಯತೆ ಇರುವುದಿಲ್ಲ. ಉಳಿದ 188 ಸಲ ಏನನ್ನು ತೆಳುವಾಗಿಸುತ್ತಾರೋ ಓದುಗರೇ ಯೋಚಿಸಬೇಕು.

ಈಗ ಇನ್ನೊಂದು ಕಡೆಯ ಲೆಕ್ಕ. ಕೊಳಕುಮಂಡಲ ಒಮ್ಮೆ ಕಚ್ಚಿದರೆ ಸರಾಸರಿ 60 ಮಿಲಿಗ್ರಾಂನಷ್ಟು ವಿಷ ಬಿಡಬಲ್ಲದು. ನಮ್ಮ ಆಸ್ಪತ್ರೆಗಳಲ್ಲಿರುವ 10 ಮಿಲಿಲೀಟರಿನ ಒಂದು ಬಾಟಲಿ ಪ್ರತಿವಿಷ ಆ ವಿಷದಲ್ಲಿ ಸುಮಾರು 6 ಮಿಲಿಗ್ರಾಂ ಮಾತ್ರ ತಟಸ್ಥಗೊಳಿಸುತ್ತದೆ. ವೈದ್ಯರು ಚಿಕಿತ್ಸೆಯನ್ನು 8ರಿಂದ 10 ಬಾಟಲಿಯಿಂದ ಶುರು ಮಾಡುವುದು ಇದಕ್ಕೇ. ವಿಷ ಎಂಬುದು ತೂಕವಿರುವ ಪ್ರೋಟೀನ್. ಅದನ್ನು ಹಿಡಿದು ಕಟ್ಟಿಹಾಕಲು ಸಾಕಷ್ಟು ಎದುರಾಳಿ ಪ್ರೋಟೀನ್ ರಕ್ತಕ್ಕೇ ಹೋಗಬೇಕು. ನಾಲಿಗೆಗೆ ಬಿಟ್ಟ ಮೂರು ತೊಟ್ಟಿನಿಂದ ಆಗುವ ಕೆಲಸವಲ್ಲ.

ಹಾಗಿದ್ದರೆ ‘ನಮ್ಮೂರಲ್ಲಿ ನಾಟಿ ಔಷಧಿಯಿಂದಲೇ ಬದುಕಿದವರಿದ್ದಾರಲ್ಲ’ ಎಂದು ನೀವು ಕೇಳಬಹುದು. ಇದ್ದಾರೆ, ಸುಳ್ಳಲ್ಲ. ಜನರಿಗೆ ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಒಮ್ಮೊಮ್ಮೆ ವಿಷ ಬಿಡದೆ ಬರೀ ಹಲ್ಲೂರುತ್ತದೆ. ಇಂಥವರಿಗೆ ಸೊಪ್ಪು ಅರೆದು ಕುಡಿಸಿದರೂ ಬದುಕುತ್ತಾರೆ, ಕಾಫಿ ಕುಡಿಸಿದರೂ ಬದುಕುತ್ತಾರೆ. ಹೆಸರು ಬರುವುದು ಸೊಪ್ಪಿಗೆ. ಬದುಕದವರು ಬಂದು ಹೇಳುವುದಿಲ್ಲ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ಸಂಶೋಧಕರ ಅಂದಾಜಿದೆ. ಇವರಲ್ಲಿ ಬಹುಪಾಲು ಜನ ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಈ ಲೆಕ್ಕ ಸರಿಯಾಗಿ ಸಿಗಲಿ ಎಂದೇ.

ಬೇವಿನ ಸೊಪ್ಪು ಕಹಿಯಾಗಿಲ್ಲವೆಂದರೆ, ಮೆಣಸಿನಕಾಯಿ ಖಾರವಾಗಿಲ್ಲವೆಂದರೆ ವಿಷ ಏರಿದೆ ಎನ್ನುವ ಪರೀಕ್ಷೆಯೂ ಇಂಥದ್ದೇ. ಗಾಬರಿಯಾದವನ ನಾಲಿಗೆಗೆ ರುಚಿ ಗೊತ್ತಾಗುವುದು ಕಷ್ಟ. ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು, ಅಷ್ಟು ಸರಳ. ಸ್ವಚ್ಛವಾದ ಒಣ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ಕೊಳವೆಯನ್ನು ಬಗ್ಗಿಸಿದಾಗ ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ರಕ್ತ ಸೇರಿದೆ ಎಂದು ತಿಳಿಯುತ್ತಾರೆ.

ಇನ್ನು ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕುಯ್ಯುವುದು, ಬಾಯಿಂದ ಹೀರುವುದು. ಸಿನಿಮಾದಲ್ಲಿ ನಾಯಕ ಮಾಡುತ್ತಾನೆಂದು ನೀವು ಮಾಡಬೇಡಿ. ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಬಿಗಿಯಾಗಿ ಕಟ್ಟಿ ಅಲ್ಲೇ ತಡೆದಿಟ್ಟರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದ ಕೂಡಲೇ ತಡೆದಿದ್ದ ವಿಷವೆಲ್ಲ ಒಂದೇ ಸಲ ಮೈಗೆ ಏರುತ್ತದೆ. ಕುಯ್ದರೆ, ಮೊದಲೇ ಹೆಪ್ಪುಗಟ್ಟದ ರಕ್ತ ನಿಲ್ಲದೆ ಸುರಿಯುತ್ತದೆ. ಹೀರಿದರೆ ಬರುವುದು ರಕ್ತ, ವಿಷವಲ್ಲ.

ಮಾಡಬೇಕಾದ್ದು ಇಷ್ಟು. ಉಂಗುರ, ಕಾಲುಂಗುರ, ವಾಚು, ಬಿಗಿಯಾದ ಶೂ ತೆಗೆಯಿರಿ, ಊತ ಬಂದ ಮೇಲೆ ತೆಗೆಯಲಾಗದು. ಕಚ್ಚಿದ ಕಾಲು ಅಥವಾ ಕೈಗೆ ಒಂದು ಕೋಲು ಇಟ್ಟು, ಮೂಳೆ ಮುರಿದಾಗ ಮಾಡುವ ಹಾಗೆ, ಬಿಗಿಯಿಲ್ಲದೆ ಬಟ್ಟೆ ಸುತ್ತಿ. ನಡೆಸಬೇಡಿ, ಹೊತ್ತುಕೊಂಡು ಇಳಿಯಿರಿ. 108ಕ್ಕೆ ಕರೆ ಮಾಡಿ. ಬೈಕೇ ಬೇಗ ಸಿಕ್ಕುವುದಾದರೆ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿ. ಮಳವಳ್ಳಿ, ಮದ್ದೂರಿನ ತಾಲ್ಲೂಕು ಆಸ್ಪತ್ರೆ ಅಥವಾ ಮಂಡ್ಯದ ಮಿಮ್ಸ್, ಯಾವುದು ಹತ್ತಿರವೋ ಅಲ್ಲಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷಕ್ಕೆ ದುಡ್ಡು ಕೊಡಬೇಕಿಲ್ಲ. ಹಾವನ್ನು ಹೊಡೆದು ಕವರಿನಲ್ಲಿ ತುಂಬಿಕೊಂಡು ಹೋಗುವ ಅಗತ್ಯವೂ ಇಲ್ಲ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಸತ್ತಿದೆ ಎಂದುಕೊಂಡ ಹಾವು ಇನ್ನೊಬ್ಬರಿಗೆ ಕಚ್ಚಿದ್ದೂ ಉಂಟು.

ಟೆಂಟಿನಲ್ಲಿ ಮಲಗುವವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಕಟ್ಟುಹಾವು ಓಡಾಡುವುದು ರಾತ್ರಿ, ಕಚ್ಚುವುದು ಹೆಚ್ಚಾಗಿ ನೆಲದ ಮೇಲೆ ಮಲಗಿದವರಿಗೆ. ಅದರ ಹಲ್ಲು ಸಣ್ಣದು. ನೋವಿಲ್ಲ, ಊತವಿಲ್ಲ, ಗುರುತೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಎನ್ನುತ್ತಾರೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ‘ರಾತ್ರಿ ತಿಂದಿದ್ದು ಸರಿಹೋಗಿಲ್ಲ’ ಎಂದು ಮಲಗಿಸಿದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ಹೊರಗೆ ಮಲಗಿ ಎದ್ದವರ ರೆಪ್ಪೆ ಜೋಲಿದರೆ ಹಾವು ಕಾಣದಿದ್ದರೂ ಆಸ್ಪತ್ರೆಗೆ ಒಯ್ಯಿರಿ.

ಟೆಂಟಿನ ಸುತ್ತ ಉಪ್ಪು, ಬೆಳ್ಳುಳ್ಳಿ, ಫಿನಾಯಿಲ್, ಸುಣ್ಣದ ಗೆರೆ ಎಳೆದರೆ ಹಾವು ಬರುವುದಿಲ್ಲ ಎನ್ನುವುದಕ್ಕೆ ಆಧಾರವಿಲ್ಲ. ಗೆರೆ ಎಳೆದ ಧೈರ್ಯದಲ್ಲಿ ಜಿಪ್ ತೆರೆದಿಟ್ಟು ಮಲಗುವುದೇ ಅಪಾಯ. ಜಿಪ್ ಪೂರ್ತಿ ಹಾಕಿ, ಉಳಿದ ಅನ್ನ-ಚಿತ್ರಾನ್ನವನ್ನು ಟೆಂಟಿನ ಪಕ್ಕ ಚೆಲ್ಲಬೇಡಿ (ಇಲಿ ಬರುತ್ತದೆ, ಇಲಿಯ ಹಿಂದೆ ಅದು ಬರುತ್ತದೆ), ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಬೆಟ್ಟದ ಬುಡಕ್ಕೆ ಗದ್ದೆ, ಕಬ್ಬಿನ ತೋಟದ ಬದುವಿನ ಮೇಲೆ ಕತ್ತಲಲ್ಲಿ ನಡೆಯುವುದಾದರೆ ಟಾರ್ಚ್ ಕಾಲಿನ ಮುಂದೆ ಬಿಡಿ. ಮಂಡ್ಯದ ಕಬ್ಬಿನಗದ್ದೆಯಲ್ಲಿ ಇಲಿಗೂ ಬರವಿಲ್ಲ, ಕೊಳಕುಮಂಡಲಕ್ಕೂ ಬರವಿಲ್ಲ.

ಹೊಳೆ: ‘ಮಳೆ ಇಲ್ಲ, ನೀರು ಶಾಂತವಾಗಿದೆ, ಇಳಿಯಬಹುದು’

ನದಿಗೆ ಬಿದ್ದ ಸೀತೆಯ ಆಭರಣವನ್ನು ಹನುಮಂತ ನೀರಿನಿಂದ ಎತ್ತಿಕೊಟ್ಟ ಜಾಗ ಮುತ್ತತ್ತಿ ಎಂಬುದು ಸ್ಥಳಪುರಾಣ. ಡಾ. ರಾಜ್‌ಕುಮಾರ್ ಅವರ ಮೂಲ ಹೆಸರು ಮುತ್ತುರಾಜ್ ಬಂದದ್ದೂ ಇದೇ ಮುತ್ತತ್ತಿರಾಯನಿಂದ. ಅಷ್ಟು ಭಕ್ತಿಯ ಜಾಗ ಇಂದು ಸುದ್ದಿಯಲ್ಲಿ ಬರುವುದು ಹೆಚ್ಚಾಗಿ ಮುಳುಗಿ ಸತ್ತವರಿಂದ. ‘ಹೊಳೆ ವರ್ಷಕ್ಕೆ ಇಷ್ಟು ಬಲಿ ತೆಗೆದುಕೊಳ್ಳುತ್ತದೆ’ ಎಂಬ ಮಾತನ್ನು ಹಳಬರು ಹೇಳುತ್ತಾರೆ. ಆ ಮಾತಿಗೆ ಅಂಜಿ ದಡದಲ್ಲೇ ಉಳಿದವರಿಗೆ ಒಳ್ಳೆಯದೇ ಆಗಿದೆ. ಆದರೆ ಕಾರಣ ಗೊತ್ತಿದ್ದರೆ ಅಂಜಿಕೆ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಶಿವನಸಮುದ್ರದಿಂದ ಮೇಕೆದಾಟಿನವರೆಗೆ ಕಾವೇರಿ ಕಲ್ಲಿನ ಕಣಿವೆಯಲ್ಲಿ ಹರಿಯುತ್ತದೆ. ತಳ ಮರಳಿನ ಹಾಸಲ್ಲ, ಬಂಡೆ. ಸಾವಿರಾರು ವರ್ಷ ನೀರಿನ ಜೊತೆ ಗಿರಗಿರ ತಿರುಗಿದ ಕಲ್ಲುಗಳು ಆ ಬಂಡೆಯಲ್ಲಿ ಒರಳಿನಂಥ ಗುಂಡಿ ಕೊರೆದಿವೆ. ಮೊಣಕಾಲುದ್ದ ನೀರಿನಲ್ಲಿ ನಿಂತವನು ಮುಂದಿನ ಹೆಜ್ಜೆಗೆ ತಲೆ ಮುಳುಗುವ ಮಡುವಿಗೆ ಇಳಿಯುವುದು ಹೀಗೆ. ಮೇಲಿನಿಂದ ನೋಡಿದರೆ ಆ ಜಾಗವೇ ಎಲ್ಲಕ್ಕಿಂತ ಶಾಂತವಾಗಿ ಕಾಣುತ್ತದೆ, ಏಕೆಂದರೆ ಆಳವಿದ್ದ ಕಡೆ ನೀರಿನ ಮೇಲ್ಮೈ ಅಲೆಯಿಲ್ಲದೆ ಇರುತ್ತದೆ. ಸದ್ದು ಮಾಡುವುದು ಆಳವಿಲ್ಲದ ನೀರು. ದೊಡ್ಡ ಬಂಡೆಯ ಹಿಂಬದಿಗೆ ನೀರು ಹಿಮ್ಮುಖವಾಗಿ ಸುತ್ತಿ ಸುಳಿಯಾಗುತ್ತದೆ. ಜಲಪಾತದ ಬುಡದಲ್ಲಿ ನೊರೆಯಲ್ಲಿ ಅರ್ಧ ಗಾಳಿಯೇ ಇರುವುದರಿಂದ ಈಜು ಬಂದವನೂ ತೇಲುವುದು ಕಷ್ಟ. ಇವೆಲ್ಲದರ ಮೇಲೆ ಪಾಚಿ. ಮತ್ತೆ, ಈ ಭಾಗದ ಕಾವೇರಿಯಲ್ಲಿ ಮೊಸಳೆಗಳೂ ಇವೆ.

‘ಮಳೆ ಇಲ್ಲ’ ಎಂಬ ಧೈರ್ಯದ ಬಗ್ಗೆ ಹೇಳುವುದಾದರೆ, ಮುತ್ತತ್ತಿಯ ನೀರನ್ನು ಏರಿಸುವುದು ಮುತ್ತತ್ತಿಯ ಮಳೆಯಲ್ಲ. ಮೇಲೆ ಕೆಆರ್‌ಎಸ್ ಇದೆ, ಕಬಿನಿ ಇದೆ. ಮಡಿಕೇರಿಯಲ್ಲೋ ವಯನಾಡಿನಲ್ಲೋ ಮಳೆ ಸುರಿದು ಅಣೆಕಟ್ಟೆ ತುಂಬಿದರೆ ಗೇಟು ತೆರೆಯುತ್ತಾರೆ. ಆ ನೀರು ಗಂಟೆಗಟ್ಟಲೆ ಹರಿದು ಇಲ್ಲಿಗೆ ಬರುವಾಗ ಇಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ. ಜೊತೆಗೆ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಉತ್ಪಾದನೆಯಾಗುತ್ತಿದೆ. ಕೆಜಿಎಫ್ ಚಿನ್ನದ ಗಣಿಗೆ ಕರೆಂಟು ಹೋಗುತ್ತಿದ್ದುದು ಇಲ್ಲಿಂದಲೇ. ಯಂತ್ರಗಳು ಶುರುವಾದಾಗ ಬಿಟ್ಟ ನೀರು ಕೆಳಗಿನ ಹೊಳೆಗೇ ಬಂದು ಸೇರುತ್ತದೆ. ಅರ್ಧ ಗಂಟೆ ಮೊದಲು ನಡೆದು ದಾಟಿ ಹೋದ ಬಂಡೆಯಿಂದ ವಾಪಸ್ ಬರಲಾಗದೆ ಸಿಕ್ಕಿಹಾಕಿಕೊಳ್ಳುವುದು ಹೀಗೆ.

ಪತ್ರಿಕೆಯಲ್ಲಿ ‘ಕೆಆರ್‌ಎಸ್‌ನಿಂದ 10,000 ಕ್ಯೂಸೆಕ್ ನೀರು ಬಿಡುಗಡೆ’ ಎಂದು ಓದಿದಾಗ ಎಷ್ಟೆಂದು ಅಂದಾಜು ಸಿಗುವುದಿಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಅಂದರೆ 10,000 ಕ್ಯೂಸೆಕ್‌ಗೆ ಸೆಕೆಂಡಿಗೆ 2.83 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಲಾರಿಗಳನ್ನು ಪ್ರತಿ ಸೆಕೆಂಡಿಗೆ 23-24ರಂತೆ ಹೊಳೆಗೆ ಸುರಿದ ಹಾಗೆ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲಿಗೆ ಕೊಡುವ ನೂಕು ನಾಲ್ಕು ಪಟ್ಟಾಗುತ್ತದೆ. ಹೊರಡುವ ದಿನ ಬೆಳಿಗ್ಗೆ ಕೆಆರ್‌ಎಸ್ ಮತ್ತು ಕಬಿನಿಯ ಹೊರಹರಿವು ನೋಡಿಕೊಳ್ಳಿ. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, 124.80 ಅಡಿ ಎನ್ನುವುದು ಇಲ್ಲಿ ಮಕ್ಕಳಿಗೂ ಗೊತ್ತು. ಹೊರಗಿನಿಂದ ಬರುವವರಿಗೆ ಹೇಳಬೇಕು.

ಮುಳುಗುತ್ತಿರುವವರು ಕೈ ಬೀಸಿ ಕೂಗುತ್ತಾರೆ ಎಂಬುದೂ ಸಿನಿಮಾ ಕಲಿಸಿದ ಪಾಠ. ಉಸಿರಿಗೇ ಗಾಳಿ ಸಾಲದವನು ಕೂಗುವುದು ಹೇಗೆ? ಬಾಯಿ ನೀರಿನ ಮಟ್ಟಕ್ಕೆ, ತಲೆ ಹಿಂದಕ್ಕೆ, ಸದ್ದೇ ಇಲ್ಲದೆ ಒಂದು ನಿಮಿಷದೊಳಗೆ ಮುಗಿಯುತ್ತದೆ. ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನನ್ನು ಉಳಿಸಲು ಮತ್ತೊಬ್ಬ ಹಾರಿ ಮೂರೂ ಜನ ಹೋಗುವುದು ನಮ್ಮ ಕೆರೆ-ಹೊಳೆಗಳಲ್ಲಿ ಮತ್ತೆ ಮತ್ತೆ ನಡೆದಿದೆ. ಹಾರಬೇಡಿ, ಏನನ್ನಾದರೂ ಎಸೆಯಿರಿ. ಹಗ್ಗ, ಪಂಚೆ, ಸೀರೆ, ಬಿದಿರಿನ ಗಳ, ಮುಚ್ಚಳ ಹಾಕಿದ ಖಾಲಿ ನೀರಿನ ಕ್ಯಾನ್, ಯಾವುದಾದರೂ ಸರಿ.

‘ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಹೂತರೆ ಎದ್ದು ಕೂರುತ್ತಾರೆ’

ಕ್ವಿಂಟಲ್‌ಗಟ್ಟಲೆ ಉಪ್ಪು ತಂದು ದೇಹವನ್ನು ಮುಖ ಬಿಟ್ಟು ಮುಚ್ಚಬೇಕು, ಮೂರ್ನಾಲ್ಕು ಗಂಟೆಯಲ್ಲಿ ಉಪ್ಪು ಒಳಗಿನ ನೀರನ್ನೆಲ್ಲ ಹೀರಿ ಜೀವ ಬರುತ್ತದೆ ಎಂಬ ಸಂದೇಶವನ್ನು ನೀವೂ ನೋಡಿರಬಹುದು. ಇದನ್ನು ನಂಬುವವರಿದ್ದಾರೆಯೇ ಎಂದು ನಗಬೇಡಿ. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡ ಹುಡುಗನ ಮನೆಯವರು ಹೀಗೆಯೇ ಉಪ್ಪು ತರಿಸಿ ದೇಹ ಮುಚ್ಚಿ ಗಂಟೆಗಟ್ಟಲೆ ಕಾದರು. ಮಗುವನ್ನು ಕಳೆದುಕೊಂಡವರು ಯಾವ ಹುಲ್ಲುಕಡ್ಡಿಯನ್ನಾದರೂ ಹಿಡಿಯುತ್ತಾರೆ, ಅವರನ್ನು ದೂರುವಂತಿಲ್ಲ. ಆ ಕಡ್ಡಿಯನ್ನು ಮುಂದೆ ಕಳಿಸಿದವರು ಮಾತ್ರ ಒಮ್ಮೆ ಯೋಚಿಸಬೇಕು.

ಮುಳುಗಿದವರು ಸಾಯುವುದು ಹೊಟ್ಟೆಯಲ್ಲಿ ನೀರು ತುಂಬಿ ಅಲ್ಲ, ಮಿದುಳಿಗೆ ಆಮ್ಲಜನಕ ಹೋಗದೆ. ಉಸಿರೂ ಹೃದಯವೂ ನಿಂತ ನಾಲ್ಕಾರು ನಿಮಿಷದಲ್ಲೇ ಮಿದುಳು ಹಾಳಾಗತೊಡಗುತ್ತದೆ. ಚರ್ಮದ ಮೇಲಿನ ಉಪ್ಪು ಶ್ವಾಸಕೋಶದ ನೀರನ್ನು ಹೀರಲಾರದು. ಹೀರಿದರೂ ಸತ್ತ ಮಿದುಳು ಎದ್ದು ಬರುವುದಿಲ್ಲ. ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದೂ ತಪ್ಪು. ಹೊಟ್ಟೆಯ ನೀರು ಬಾಯಿಗೆ ಬಂದು ಮತ್ತೆ ಶ್ವಾಸನಾಳಕ್ಕೇ ಇಳಿಯುತ್ತದೆ.

ದಡಕ್ಕೆ ತಂದ ಕೂಡಲೇ ಅಂಗಾತ ಮಲಗಿಸಿ. ಕರೆದರೆ ಓಗೊಡದೆ, ಉಸಿರೂ ಇಲ್ಲದಿದ್ದರೆ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಕೆಲವು ಸಲ ಉಸಿರು ಊದಿ. ಆಮೇಲೆ ಎದೆಯ ನಡುಮಧ್ಯೆ ಅಂಗೈ ಇಟ್ಟು 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಉಸಿರು ಕೊಡಿ. ಆಂಬುಲೆನ್ಸ್ ಬರುವವರೆಗೆ ಹೀಗೇ ಮಾಡುತ್ತಿರಿ. ಉಪ್ಪಿನ ಮೂಟೆ ತರಲು ಓಡಿದ ಹೊತ್ತು ಎಂದರೆ ಇದನ್ನು ಮಾಡಬಹುದಾಗಿದ್ದ ಹೊತ್ತು. ಎದ್ದು ಕೂತು ಮಾತಾಡಿದವರನ್ನೂ ಆಸ್ಪತ್ರೆಗೆ ತೋರಿಸಲೇಬೇಕು, ಶ್ವಾಸಕೋಶದ ತೊಂದರೆ ಗಂಟೆಗಳ ನಂತರ ಕಾಣಿಸಬಹುದು.

ಹೆಜ್ಜೇನು

ಕುಂತಿಬೆಟ್ಟದಂಥ ಬಂಡೆಬೆಟ್ಟಗಳ ಕಡಿದಾದ ಮುಖಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ‘ಜೇನು ಎದ್ದರೆ ಅಲ್ಲಾಡದೆ ನಿಂತುಬಿಡಿ, ಕಲ್ಲೆಂದು ತಿಳಿದು ಬಿಟ್ಟುಬಿಡುತ್ತವೆ’ ಎನ್ನುವುದು ಒಂದೆರಡು ಜೇನು ಸುಳಿದಾಡುವಾಗ ಸರಿ. ಹಿಂಡು ಕಚ್ಚಲು ಶುರು ಮಾಡಿದ ಮೇಲೆ ಅಲ್ಲ. ಚುಚ್ಚಿದ ಜೇನಿನ ಮುಳ್ಳು ಮೈಯಲ್ಲೇ ಉಳಿದು ‘ಶತ್ರು ಇಲ್ಲಿದ್ದಾನೆ’ ಎನ್ನುವ ವಾಸನೆ ಬಿಡುತ್ತದೆ. ಆ ವಾಸನೆಗೆ ಉಳಿದವೂ ಬರುತ್ತವೆ. ಅದು ನಮಗೆ ಬಾಳೆಹಣ್ಣಿನ ವಾಸನೆಯಂತೆ ಇರುತ್ತದೆ ಎನ್ನುವುದು ಸ್ವಾರಸ್ಯದ ಸಂಗತಿ. ಹಾಗಾಗಿ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು, ಕೈ ಬೀಸದೆ ದೂರ ಓಡಿ, ಕಾರು-ಕಟ್ಟಡ ಸಿಕ್ಕರೆ ಒಳಗೆ ಸೇರಿಕೊಳ್ಳಿ. ಬಂಡೆಯ ಅಂಚು ಎಲ್ಲಿದೆ ಎಂಬ ಪ್ರಜ್ಞೆ ಇರಲಿ. ನೀರಿಗೆ ಹಾರುವುದು ಬೇಡ, ತಲೆ ಎತ್ತಿದ ಕಡೆ ಅವು ಕಾದಿರುತ್ತವೆ.

ಮುಳ್ಳನ್ನು ಕಾರ್ಡಿನಿಂದಲೇ ಕೆರೆದು ತೆಗೆಯಬೇಕು, ಉಗುರಿನಿಂದ ಕಿತ್ತರೆ ವಿಷ ಒತ್ತಿ ಒಳಗೆ ಹೋಗುತ್ತದೆ ಎಂಬ ಸಂದೇಶಕ್ಕೆ ತಲೆಕೆಡಿಸಿಕೊಳ್ಳಬೇಡಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದೇ ಮುಖ್ಯ. ಮುಖ ಊದಿದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ, ಅಥವಾ ಹತ್ತಾರು ಕಡೆ ಚುಚ್ಚಿದ್ದರೆ ಸುಣ್ಣ ಹಚ್ಚುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಬೆಟ್ಟದ ಮೇಲೆ ಸೌದೆ ಒಟ್ಟಿ ಹೊಗೆ ಹಾಕುವುದು, ಕಲ್ಲೆಸೆಯುವುದು, ಪಟಾಕಿ ಹಚ್ಚುವುದೇ ಜೇನು ಏಳುವುದಕ್ಕೆ ಸಾಮಾನ್ಯ ಕಾರಣ.

‘ಆನೆ ಇಳಿಜಾರಿನಲ್ಲಿ ಓಡಲಾರದು’

ಮುತ್ತತ್ತಿ ಕಾಡಿನ ಆನೆಗಳು ದಿಣ್ಣೆ ಇಳಿದು, ಕಂದಕ ದಾಟಿ ಹಲಗೂರು ಕಡೆಯ ರಾಗಿ ಹೊಲ, ಕಬ್ಬಿನಗದ್ದೆಗೆ ಬರುತ್ತವೆ. ಆ ಊರಿನವರ ಮುಂದೆ ಈ ಮಾತು ಹೇಳಿ ನೋಡಿ, ನಗುತ್ತಾರೆ. ಆನೆ ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಹೋಗಬಲ್ಲದು. ಲಂಟಾನ ಪೊದೆಯಲ್ಲಿ ಬ್ಯಾಗ್ ಹೊತ್ತ ನಾವು ಅದರ ಅರ್ಧ ವೇಗಕ್ಕೂ ಬರುವುದಿಲ್ಲ. ಹಾವಿನಂತೆ ಅಂಕುಡೊಂಕಾಗಿ ಓಡುವುದೂ ಪೊದೆಯಲ್ಲಿ ಎಡವಿ ಬೀಳುವ ದಾರಿ. ದೂರದಲ್ಲಿ ಕಂಡಾಗಲೇ ಸದ್ದಿಲ್ಲದೆ ಹಿಂದೆ ಸರಿಯುವುದು, ಗಾಳಿ ನಮ್ಮಿಂದ ಅದರ ಕಡೆ ಬೀಸದಂತೆ ನೋಡಿಕೊಳ್ಳುವುದು, ಮರಿ ಇದ್ದರೆ ಫೋಟೋ ಆಸೆ ಬಿಡುವುದು, ಕೈಯಲ್ಲಿರುವ ಉಪಾಯ ಇಷ್ಟೇ. ಸಂಜೆ ಆರರ ಮೇಲೆ ಆ ದಾರಿಯಲ್ಲಿ ನಡೆಯದಿರುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಸಿಡಿಲು ಮತ್ತು ಮೊಬೈಲ್

‘ಮೊಬೈಲ್ ಆನ್ ಇದ್ದರೆ ಸಿಡಿಲು ಅದನ್ನೇ ಹುಡುಕಿಕೊಂಡು ಬರುತ್ತದೆ’ ಎಂದು ಏಪ್ರಿಲ್-ಮೇ ತಿಂಗಳಲ್ಲಿ ಪ್ರತಿ ವರ್ಷ ಬರುತ್ತದೆ. ಮೊಬೈಲಿನ ರೇಡಿಯೋ ಅಲೆ ಮಿಂಚಿಗೆ ದಾರಿಯಾಗುವುದಿಲ್ಲ. ಸಿಡಿಲು ನೋಡುವುದು ಎತ್ತರವನ್ನು. ಬೋಳು ಬಂಡೆಯ ನೆತ್ತಿಯಲ್ಲಿ ನಿಂತ ಮನುಷ್ಯನೇ ಅಲ್ಲಿ ಎತ್ತರದ ವಸ್ತು, ಅವನ ಜೇಬಿನಲ್ಲಿ ಮೊಬೈಲ್ ಇರಲಿ ಬಿಡಲಿ. ಈ ಸಂದೇಶ ನಂಬಿ ಮೊಬೈಲ್ ಆಫ್ ಮಾಡಿದರೆ ಸಹಾಯ ಕೇಳುವ ದಾರಿಯೂ ಮುಚ್ಚುತ್ತದೆ.

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಹಿಡಿಯುತ್ತದೆ. 30ರೊಳಗೆ ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ, ನಿಮ್ಮ ತಲೆಯ ಮೇಲೂ ಬೀಳಬಹುದು. ನೆತ್ತಿಯಿಂದ ಇಳಿಯಿರಿ. ಒಂಟಿ ಮರ, ಮಂಟಪದ ಕಂಬ, ಬಂಡೆಯ ಕೆಳಗಿನ ಸಣ್ಣ ಪೊಟರೆ ಬೇಡ. ಟೆಂಟ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಗಾಜು ಏರಿಸಿದ ಕಾರು ಕೊಡುತ್ತದೆ. ಅದಕ್ಕೆ ಕಾರಣ ಲೋಹದ ಮೈ, ರಬ್ಬರ್ ಚಕ್ರ ಅಲ್ಲ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಮತ್ತೆ ಹತ್ತಬೇಡಿ. ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ ಆ್ಯಪ್ ನಿಮ್ಮ ಸುತ್ತಲಿನ ಮಿಂಚನ್ನು ತೋರಿಸುತ್ತದೆ.

ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಶಾಕ್ ಹೊಡೆಯುತ್ತದೆ ಎಂಬುದು ಸುಳ್ಳು. ಮೈಯಲ್ಲಿ ಕರೆಂಟ್ ಉಳಿಯುವುದಿಲ್ಲ. ಉಸಿರಿಲ್ಲದಿದ್ದರೆ ಕೂಡಲೇ ಎದೆ ಒತ್ತಲು ಶುರು ಮಾಡಿ, ಇಂಥವರು ಬದುಕುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಇನ್ನು ಕೆಲವು, ಚುಟುಕಾಗಿ

ಬಿಸಿಲಿನಿಂದ ಬಂದು ತಣ್ಣೀರು ಕುಡಿದರೆ ರಕ್ತನಾಳ ಒಡೆಯುವುದಿಲ್ಲ. ಕಪ್ಪು ಬಂಡೆಯ ಮೇಲೆ ಬಿಸಿಲಿನಲ್ಲಿ ಹತ್ತಿ, ಬೆವರು ನಿಂತು, ಏನೇನೋ ಮಾತಾಡುವವರನ್ನು ನೆರಳಿಗೆ ಒಯ್ದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸುವುದೇ ಜೀವ ಉಳಿಸುವ ಚಿಕಿತ್ಸೆ. ಪ್ರಜ್ಞೆ ಸರಿಯಿಲ್ಲದವರಿಗೆ ಕುಡಿಸಲು ಹೋಗಬೇಡಿ. ಹತ್ತುವಾಗ ಬರೀ ನೀರಿನ ಬದಲು ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಜೊತೆಗಿರಲಿ.

ಚಳಿಗೆ ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾದಂತೆ ಅನಿಸುತ್ತದೆ. ನಿಜದಲ್ಲಿ ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ.

ಟೆಂಟಿನೊಳಗೆ ಇದ್ದಿಲ ಕೆಂಡ ಇಟ್ಟುಕೊಳ್ಳುವುದನ್ನು ಯಾರು ಹೇಳಿದರೂ ಮಾಡಬೇಡಿ. ಹೊಗೆ ಕಾಣದಿದ್ದರೂ ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

‘ಹರಿಯುವ ನೀರು ಶುದ್ಧ’ ಎನ್ನುವುದು ಮೇಲೆ ಊರು, ದನಕರು, ಇಲಿ ಇಲ್ಲದ ಕಡೆ ಮಾತ್ರ ಸರಿ. ಅಂಥ ಹಳ್ಳ ಮಂಡ್ಯದಲ್ಲಿ ನಮಗೆ ಗೊತ್ತಿಲ್ಲ. ಒಂದು ನಿಮಿಷ ಕುದಿ ಬಂದರೆ ಸಾಕು, ಇಪ್ಪತ್ತು ನಿಮಿಷ ಸೌದೆ ಸುಡಬೇಕಿಲ್ಲ.

ದಾರಿ ತಪ್ಪಿದರೆ: ‘ಸಿಗ್ನಲ್ ಇಲ್ಲದಿದ್ದರೂ 112 ಕೆಲಸ ಮಾಡುತ್ತದೆ’

ಇದು ಅರ್ಧ ನಿಜ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೆ 112ರ ಕರೆ ಬೇರೆ ಕಂಪನಿಯ ಟವರ್ ಮೂಲಕ ಹೋಗಬಲ್ಲದು. ಆದರೆ ಯಾವ ಕಂಪನಿಯ ಟವರೂ ಇಲ್ಲದ ಕಣಿವೆಯಲ್ಲಿ ಯಾವ ನಂಬರೂ ಕೆಲಸ ಮಾಡದು. ಕಾವೇರಿ ಕಣಿವೆಯ ಬಹಳಷ್ಟು ಭಾಗ ಹಾಗೇ ಇದೆ. ಸ್ವಲ್ಪ ಎತ್ತರಕ್ಕೆ ಹೋಗಿ ಪ್ರಯತ್ನಿಸಿ. ಕರೆ ಹೋಗದ ಕಡೆಯೂ ಒಮ್ಮೊಮ್ಮೆ ಎಸ್ಎಂಎಸ್ ಹೋಗುತ್ತದೆ. *3370# ಒತ್ತಿದರೆ ಅಡಗಿಸಿಟ್ಟ ಬ್ಯಾಟರಿ ತೆರೆದುಕೊಳ್ಳುತ್ತದೆ ಎಂಬ ಸಂದೇಶ ನೋಕಿಯಾ ಕಾಲದ್ದು, ಯಾವ ಫೋನಿನಲ್ಲೂ ಅಂಥ ಬ್ಯಾಟರಿ ಇಲ್ಲ. ‘ದಾರಿ ತಪ್ಪಿದರೆ ವಾಯ್ಸ್‌ಮೇಲ್ ಬದಲಾಯಿಸಿ’ ಎನ್ನುವುದೂ ಹೊರದೇಶದಿಂದ ಬಂದದ್ದು. ಅದನ್ನು ಬದಲಾಯಿಸಲೂ ಸಿಗ್ನಲ್ ಬೇಕು.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ನಿಜವೂ ಇದೆ. ಜಿಪಿಎಸ್‌ಗೆ ಸಿಗ್ನಲ್ಲೂ ಬೇಡ, ಡೇಟಾವೂ ಬೇಡ. ಫೋನು ನೇರವಾಗಿ ಉಪಗ್ರಹದಿಂದ ಜಾಗ ತಿಳಿಯುತ್ತದೆ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಏರೋಪ್ಲೇನ್ ಮೋಡ್‌ನಲ್ಲಿಟ್ಟರೂ ನೀಲಿ ಚುಕ್ಕೆ ನೀವು ಎಲ್ಲಿದ್ದೀರೆಂದು ತೋರಿಸುತ್ತದೆ. ಟವರ್ ಹುಡುಕಿ ಹುಡುಕಿ ಖಾಲಿಯಾಗುವ ಬ್ಯಾಟರಿಯೂ ಉಳಿಯುತ್ತದೆ. ಹಲಗೂರಿನಲ್ಲಿ ಟೀ ಕುಡಿಯಲು ನಿಂತಾಗ, ಸಿಗ್ನಲ್ ಇನ್ನೂ ಇರುವಾಗಲೇ, ಮನೆಯ ಒಬ್ಬರಿಗೆ ಲೊಕೇಶನ್, ಜೊತೆಗಿರುವವರ ಹೆಸರು, ಗಾಡಿಯ ನಂಬರ್ ಕಳಿಸಿ, ಎಷ್ಟು ಗಂಟೆಯವರೆಗೆ ಫೋನ್ ಬರದಿದ್ದರೆ 112ಕ್ಕೆ ಹೇಳಬೇಕೆಂದೂ ಬರೆದುಬಿಡಿ.